ಒಂದಕ್ಷರದ ತಪ್ಪು

ಭೀಮನಬೀಡಿನ ಶಿವಲಕ್ಷ್ಮಿ ಮದುವೆಯಾಗಿದ್ದು ತನ್ನ ಸೋದರಮಾವ ಶಿವರಾಮುವನ್ನು. ಹಾಗಾಗಿ ಅತ್ತೆ ದೊಡ್ಡಮಾದಮ್ಮ ಅವಳಿಗೆ ಸ್ವಂತ ಅಜ್ಜಿ. ಮಗಳು ನಾಗಮಣಿಗೆ ಹುಟ್ಟಿದಾಗಿದ್ದ ಕೂದಲು ವರ್ಷ ತುಂಬುವಷ್ಟರಲ್ಲಿ ಉದುರಿಹೋಯಿತು. ಮೂರು ವರ್ಷಕ್ಕೆ ಕಾಲುಗಳು ಬಾಗಿದವು. ನಿಂತರೆ ನೋವಿಗೆ ಅಳುತ್ತಿದ್ದಳು.

ಗುಂಡ್ಲುಪೇಟೆಯ ಒಂದು ಕ್ಲಿನಿಕ್ಕಿನ ಡಾಕ್ಟರು ಎರಡು ವರ್ಷ ವಾರಕ್ಕೊಮ್ಮೆ ಕೊಡುವ ಡಿ ವಿಟಮಿನ್ ಪುಡಿಯನ್ನೇ ಬರೆದುಕೊಟ್ಟರು. ಗುಣವಾಗದಿದ್ದಾಗ ಶಿವಲಕ್ಷ್ಮಿಯನ್ನೇ ಬೈದರು: “ಔಷಧಿ ಸರಿಯಾಗಿ ಕೊಡ್ತಿಲ್ಲ ನೀನು.” ಒಂದು ವಾರವೂ ತಪ್ಪಿಸದೆ ಹಾಲಿಗೆ ಬೆರೆಸಿ ಕುಡಿಸಿದ್ದವಳು ಅವಳು.

ಅಜ್ಜಿಯ ಮಾತು ಇನ್ನೂ ಕೆಟ್ಟದ್ದು; ಮನೆಯಲ್ಲೂ, ಊರಿನ ಹಾಲಿನ ಡೈರಿ ಮುಂದೆ ಹೆಂಗಸರೆದುರೂ ಅದನ್ನೇ ಆಡುತ್ತಿದ್ದಳು. “ನಮ್ ವಂಸ್ದಲ್ಲಿ ಇಂತದ್ದು ಇರ್ನಿಲ್ಲ. ಎಲ್ಲಾ ನಿಮ್ಮಪ್ಪನ ಕಡೇದು ಕಣಮ್ಮಿ.” ಶಿವರಾಮು ತಲೆ ತಗ್ಗಿಸಿ ಉಣ್ಣುತ್ತಿದ್ದ.

ಕೊನೆಗೆ ಚಾಮರಾಜನಗರದಲ್ಲಿ ಡಾಕ್ಟರ್ ಫರಹತ್ ಮಗುವಿನ ಬೋಳು ತಲೆ ನೋಡಿದವರೇ, ಅಪ್ಪ ಅಮ್ಮನ ರಕ್ತವನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಅಜ್ಜಿಯೂ ಜೊತೆಗಿದ್ದಳು.

“ಮಗು ರಕ್ತದಲ್ಲಿ ಡಿ ವಿಟಮಿನ್ ಬೇಕಾದಷ್ಟಿದೆ,” ಎಂದರು ಡಾಕ್ಟರ್. “ಅದು ಜೀವಕೋಶದೊಳಗೆ ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತೆ. ಆ ಪ್ರೋಟೀನು ಡಿಎನ್‌ಎಯನ್ನ ಸರಿಯಾದ ಜಾಗದಲ್ಲಿ ಹಿಡಿದ್ರೆ ಮಾತ್ರ, ಊಟದ ಕ್ಯಾಲ್ಸಿಯಂ ಹೀರಿಕೊಳ್ಳೋಕೆ ಬೇಕಾದ ಜೀನುಗಳು ಕೆಲಸ ಶುರುಮಾಡ್ತವೆ. ಇವಳಲ್ಲಿ ಆ ಹಿಡಿಯೋ ಭಾಗಾನೇ ಕೆಟ್ಟಿದೆ, ಅದಕ್ಕೇ ಮೂಳೆಗೆ ಕ್ಯಾಲ್ಸಿಯಂ ಸಿಗ್ತಿಲ್ಲ. ಕೂದಲಿಗೂ ಅದೇ ಪ್ರೋಟೀನು ಬೇಕು. ಅದನ್ನ ಮಾಡೋ ಜೀನಿನ ಬರಹದಲ್ಲಿ ಒಂದೇ ಒಂದಕ್ಷರ ತಪ್ಪು.”

“ಅಂಗಾರೆ ನಾನು ಕೊಟ್ಟ ಪುಡಿ?”

“ಸರಿಯಾಗೇ ಕೊಟ್ಟಿದ್ದೀರಿ. ಅದರಿಂದ ಗುಣ ಆಗ್ತಿರಲಿಲ್ಲ.”

ಶಿವಲಕ್ಷ್ಮಿಯ ಮೈ ಉರಿಯಿತು. “ಈ ತಪ್ಪು ಯಾರ ಕಡೇದು ಮೇಡಂ?”

“ನಿಮ್ಮಿಬ್ಬರಲ್ಲೂ ಒಂದೊಂದಿದೆ; ಮಗುವಿಗೆ ಎರಡೂ ಸೇರಿದ್ದಕ್ಕೆ ಕಾಯಿಲೆ. ನಿಮಗೆ ನಿಮ್ಮ ತಾಯಿಯಿಂದ ಬಂದಿರಬೇಕು. ಎರಡೂ ಒಂದೇ ಮನೇದು, ಈ ಅಜ್ಜಿ ಮನೇದು. ಯಾರದೂ ಅಪರಾಧ ಅಲ್ಲ.”

ದೊಡ್ಡಮಾದಮ್ಮ ಬಾಗಿಲ ಕಡೆ ಹೊರಟಳು.

“ಎಲ್ಲಿಗಜ್ಜಿ? ಕೂತ್ಕೊಂಡು ಕೇಳು! ಸತ್ತೋಗಿರೋ ನಮ್ಮಪ್ಪನ್ನ ಎರಡು ವರ್ಸ ಬೋದ್ಯಲ್ಲ. ಈ ಮದ್ವೆ ಬ್ಯಾಡ ಅಂತ ನಾನು ಅತ್ತಾಗ, ಹೆಣ್ಣು ಹೊರಗೆ ಓಗ್ಬಾರ್ದು ಅಂದೋಳೂ ನೀನೇ.”

“ಮೆಲ್ಲಗೆ ಮಾತಾಡಮ್ಮಿ, ಜನ ಅವ್ರೆ,” ಎಂದ ಶಿವರಾಮು.

“ಅವ್ಳು ಬೋಯ್ವಾಗ ಜನ ಇರ್ನಿಲ್ವಾ? ಆಗ ನಿನ್ ಬಾಯಿ ಎಲ್ಲಿತ್ತು ಮಾವ?”



ಮಗುವಿಗೆ ತಿಂಗಳುಗಟ್ಟಲೆ ನೇರ ರಕ್ತಕ್ಕೇ ಕ್ಯಾಲ್ಸಿಯಂ ಡ್ರಿಪ್ ಹಾಕಿದರು. ಮೂಳೆ ಗಟ್ಟಿಯಾಗಿ ನಾಗಮಣಿ ಅಳದೆ ನಡೆದಳು. ಕೂದಲು ಬರಲಿಲ್ಲ.

“ತಪ್ಪಾಯ್ತು ಕಣಮ್ಮಿ,” ಎಂದಳು ಅಜ್ಜಿ ಒಂದು ದಿನ, ಅಡುಗೆಮನೆಯಲ್ಲಿ.

“ಬೋದಿದ್ದು ಡೈರಿ ಮುಂದೆ. ಅಲ್ಲೇ ಯೋಳು.”

ಮರುದಿನ ಬೆಳಿಗ್ಗೆ ಹಾಲು ಹಾಕಲು ನಿಂತ ಹೆಂಗಸರ ಎದುರು ದೊಡ್ಡಮಾದಮ್ಮ ಹೇಳಿದಳು. ಶಿವಲಕ್ಷ್ಮಿ ಕೊನೆಯವರೆಗೂ ಕೇಳಿಸಿಕೊಂಡಳು. ಸಿಟ್ಟು ಇಳಿಯಲಿಲ್ಲ.