ಮೂರು ಪಾಯಿಂಟಿನ ಮುನ್ನಡೆ

ಬೆಳಗಿನಿಂದ ಅದು ಮೂರನೆಯ ಬ್ಯಾಸ್ಕೆಟ್‌ಬಾಲ್ ಪಂದ್ಯ. ಆಸ್ಟಿನ್ನಿನ ಬಾಡಿಗೆ ಜಿಮ್ಮಿನಲ್ಲಿ ನಿಂತೂ ನಿಂತೂ ದಾಕ್ಷಾಯಣಿಯ ಮೊಣಕಾಲು ಬಿಗಿದುಕೊಂಡಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಡುತ್ತಿದ್ದಾಗ ದಣಿವೆಂದರೆ ಬರೀ ಕಾಲಿನದು. ಈಗ ರಿಚರ್ಡ್‌ಸನ್ ಊರಿನ ಆಫೀಸು ಮುಗಿಸಿಕೊಂಡು ಬಂದು ಡಲ್ಲಾಸಿನ ಕನ್ನಡ ಹುಡುಗಿಯರಿಗೆ ಕೋಚಿಂಗ್ ಮಾಡುವವಳಿಗೆ ದಣಿವು ತಲೆಗೂ ಏರಿರುತ್ತಿತ್ತು.

ಎದುರಿಗಿದ್ದದ್ದು ಹ್ಯೂಸ್ಟನ್ ತಂಡ, ಫೈನಲ್. ಇನ್ನೇನು ಕೆಲವೇ ಸೆಕೆಂಡು ಉಳಿದಿರುವಾಗ ಡಲ್ಲಾಸ್ ಮೂರು ಪಾಯಿಂಟು ಮುಂದಿತ್ತು, ಚೆಂಡು ಹ್ಯೂಸ್ಟನ್ನಿನವರದು. ದಾಕ್ಷಾಯಣಿ ಟೈಮ್ ಔಟ್ ಕೇಳಿದಳು.

ಹೋದ ವರ್ಷವೂ ಹೀಗೇ ಆಗಿತ್ತು. ಆಗ ಅವಳು ಸುಮ್ಮನೆ ಅಡ್ಡ ನಿಂತು ತಡೆಯಿರಿ ಎಂದಿದ್ದಳು. ಹ್ಯೂಸ್ಟನ್ನಿನ ಹುಡುಗಿಯೊಬ್ಬಳು ದೂರದಿಂದಲೇ ಎಸೆದು ಮೂರು ಪಾಯಿಂಟು ಗಳಿಸಿ ಆಟ ಸಮ ಮಾಡಿದ್ದಳು. ಆಮೇಲೆ ಡಲ್ಲಾಸ್ ಸೋತಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ವರ್ಷವಿಡೀ ಅದೇ ಮಾತು: ಬೇಕೆಂದೇ ಫೌಲ್ ಮಾಡಿಸಬೇಕಿತ್ತು, ತಲಾ ಒಂದು ಪಾಯಿಂಟಿನ ಎರಡು ಫ್ರೀ ಥ್ರೋ ಹೋದರೆ ಹೋಗಲಿ, ಆಗಲೂ ಒಂದು ಪಾಯಿಂಟು ನಮ್ಮದೇ ಮೇಲಿರುತ್ತಿತ್ತು.

"ಫೌಲ್ ಮಾಡಸ್ರಿ ಮೇಡಂ! ಈ ಸಲನಾದ್ರೂ ಮಾಡಸ್ರಿ!" ಹಿಂದಿನ ಸಾಲಿನಿಂದ ಧಾರವಾಡದ ಮಹಾಂತಪ್ಪ ಕೂಗಿದರು.

ಹುಡುಗಿಯರು ಸುತ್ತ ನಿಂತರು. ಗಾರ್ಗಿ ಸೊಂಟ ಬಗ್ಗಿಸಿ ಮೊಣಕಾಲು ಹಿಡಿದುಕೊಂಡಿದ್ದಳು. ಇಡೀ ದಿನ ಅವಳು ಹೊರಗೆ ಕೂತವಳೇ ಅಲ್ಲ.

"ಅವರು ಎಸೆಯೋಕೆ ಮುಂಚೆನೇ ಫೌಲ್ ಮಾಡಿ. ಎರಡನೇ ಫ್ರೀ ಥ್ರೋನ ಅವರು ಬೇಕಂತಲೇ ತಪ್ಪಿಸ್ತಾರೆ, ಪುಟಿದು ಬಂದ ಚೆಂಡು ಅವರಿಗೆ ಸಿಗಬಾರದು. ಗಾರ್ಗಿ, ಆ ಎತ್ತರದ ಹುಡುಗೀನ ನೀನು ಬೆನ್ನಲ್ಲಿ ತಡೀಬೇಕು. ಆಗುತ್ತಾ?"

"ಐ ಆಮ್ ಫೈನ್, ಆಂಟಿ," ಅಂದಳು ಗಾರ್ಗಿ. ಅವಳ ತುಟಿ ಬಿಳಿಚಿಕೊಂಡಿತ್ತು. ದಾಕ್ಷಾಯಣಿ ಅದನ್ನು ನೋಡಿದಳು. ನೋಡಿಯೂ ಅವಳನ್ನೇ ಕಳಿಸಿದಳು.

ಫೌಲ್ ಹೇಳಿದಂತೆಯೇ ಆಯಿತು. ಹ್ಯೂಸ್ಟನ್ನಿನ ಹುಡುಗಿ ಮೊದಲನೆಯ ಎಸೆತ ಒಳಗೆ ಹಾಕಿದಳು. ಎರಡನೆಯದನ್ನು ರಿಂಗಿಗೆ ಬಲವಾಗಿ ಬಡಿದಳು. ಚೆಂಡು ಮೇಲಕ್ಕೆ ಪುಟಿಯಿತು. ಗಾರ್ಗಿ ಕೈ ಎತ್ತಿದಳು, ಆದರೆ ಕಾಲು ನೆಲ ಬಿಡಲಿಲ್ಲ. ಅವಳ ತಲೆಯ ಮೇಲಿನಿಂದಲೇ ಆ ಎತ್ತರದ ಹುಡುಗಿ ಚೆಂಡು ಹಿಡಿದು ಒಳಗೆ ಹಾಕಿ ಎರಡು ಪಾಯಿಂಟು ಗಳಿಸಿಬಿಟ್ಟಳು. ಆಟ ಸಮವಾಯಿತು. ಹೆಚ್ಚುವರಿ ಆಟದಲ್ಲಿ ಡಲ್ಲಾಸಿನ ಹುಡುಗಿಯರು ಓಡಲೇ ಇಲ್ಲ, ನಡೆದರು. ಈ ಸಲವೂ ಸೋತರು.

ಮಹಾಂತಪ್ಪ ಕೆಳಗಿಳಿದು ಬಂದರು. "ಇರ್ಲಿ ಬಿಡ್ರಿ ಮೇಡಂ. ನೀವು ಮಾಡಿದ್ದು ಬರೋಬ್ಬರಿನ ಇತ್ತು."

ಅದು ಬೈಗುಳಕ್ಕಿಂತ ಭಾರವಾಗಿ ಕೇಳಿಸಿತು.

ವಾಪಸ್ಸು ಡ್ರೈವ್ ಮಾಡುವಾಗ ಹೈವೇಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳು. ಪಕ್ಕದ ಸೀಟಿನಲ್ಲಿ ಗಾರ್ಗಿ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಸಾರಿ ಆಂಟಿ. ಐ ಲೈಡ್. ಕಾಲು ಆಗ್ಲೇ ಹೋಗಿತ್ತು."

"ಗೊತ್ತಿತ್ತಮ್ಮ."

"ದೆನ್ ವೈ?"

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಸೌಂದರ್ಯಾಳ ದನಿ ಬಂತು. ಫೈನಲ್ಲಿನಲ್ಲಿ ಒಂದು ಕ್ಷಣವೂ ಆಡದ ಹುಡುಗಿ. "ಐ ವಾಸ್ ರೆಡಿ, ಆಂಟಿ. ಟೈಮ್ ಔಟಲ್ಲಿ ಶೂ ಲೇಸ್ ಕೂಡ ಕಟ್ಕೊಂಡಿದ್ದೆ."

ಫೌಲ್ ಮಾಡಿಸುವುದೋ ಬೇಡವೋ ಎಂದು ಒಂದು ವರ್ಷ ಯೋಚಿಸಿದ್ದಳು ದಾಕ್ಷಾಯಣಿ. ಬೆಂಚಿನ ಕಡೆ ತಿರುಗಿ ನೋಡಲು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ನಿನ್ನ ಕಡೆ ನೋಡಲೇ ಇಲ್ಲ ಕಣೆ," ಅಂದಳು. ಸಮಜಾಯಿಷಿ ಕೊಡಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. "ತಪ್ಪಾಯ್ತು."

ಸ್ವಲ್ಪ ಹೊತ್ತಿನ ಮೇಲೆ ಸೌಂದರ್ಯಾ ಮುಂದಕ್ಕೆ ಬಾಗಿ, ನಿದ್ದೆ ಹೋಗಿದ್ದ ಗಾರ್ಗಿಯ ಜೋತಾಡುತ್ತಿದ್ದ ತಲೆಗೆ ತನ್ನ ಜಾಕೆಟ್ಟು ಮಡಿಸಿ ಆನಿಸಿದಳು. ಮುಂದಿನ ಲಾರಿ ಒಂದಿಷ್ಟು ಸರಿಯಿತು. ದಾಕ್ಷಾಯಣಿ ಬ್ರೇಕಿನಿಂದ ಕಾಲು ತೆಗೆದಳು.