ಸಿಡಿದ ನಕ್ಷತ್ರಕ್ಕೆ ತಪ್ಪು ಮನೆ

"ಹೆಣ್ಣುಡ್ಗೀನ ಆಕಾಶ ಓದೋಕ್ ಕಳ್ಸವ್ನಲ್ಲ, ನಕ್ಷತ್ರ ಮಾರಿ ಹೊಟ್ಟೆ ಹೊರ್ಕೊತಾಳಾ?" ಎಂದು ಆಡಿಕೊಂಡವರನ್ನೆಲ್ಲ ಬಿಳಿಗೆರೆಯ ಶಂಭುಲಿಂಗಯ್ಯ ತನ್ನ ಮಗಳು ವರ್ಷಿಣಿಯ ಸನ್ಮಾನಕ್ಕೆ ತಾನೇ ಹೋಗಿ ಕರೆದು ಬಂದಿದ್ದ. ಇನ್ನೇನು ಹೊರಡಬೇಕು, ಅವಳ ಜೊತೆ ಕೆಲಸ ಮಾಡುವ ಕೃಷ್ಣಕುಮಾರ್ ಅವಳ ಮೊಬೈಲಿಗೆ ದೊಡ್ಡ ದೂರದರ್ಶಕದ ಹೊಸ ಚಿತ್ರವೊಂದನ್ನು ಕಳಿಸಿದ.

ಎಲ್ಲೋ ಎರಡು ಸತ್ತ ನಕ್ಷತ್ರಗಳು ಡಿಕ್ಕಿ ಹೊಡೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಗಾಮಾ ಕಿರಣ ಸಿಡಿಸಿ ಮಾಯವಾಗಿದ್ದವು. ಅವು ಯಾವ ಗ್ಯಾಲಕ್ಸಿಯವು ಎಂದು ಪತ್ತೆ ಹಚ್ಚುವುದು ವರ್ಷಿಣಿಯ ಕೆಲಸ. ಪಕ್ಕದಲ್ಲೇ ಥಳಥಳ ಹೊಳೆಯುತ್ತಿದ್ದ ಗ್ಯಾಲಕ್ಸಿಯನ್ನು ಕಂಡವಳೇ ಇದೇ ಅವುಗಳ ಮನೆ ಎಂದು ಬರೆದುಬಿಟ್ಟಿದ್ದಳು. ಪೇಪರಿನಲ್ಲೂ ಬಂದಿತ್ತು. ಅದಕ್ಕೇ ಈ ಸನ್ಮಾನ. ಈಗಿನ ಚಿತ್ರದಲ್ಲಿ, ಸಿಡಿದ ಜಾಗದಲ್ಲೇ, ಬಲು ಮಸುಕಾದ, ಬಲು ದೂರದ ಇನ್ನೊಂದು ಗ್ಯಾಲಕ್ಸಿ ಕೂತಿದೆ! ಈ ಚಿತ್ರ ಬರುವವರೆಗೆ ಕಾದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ತಲೆ ಮೇಲೆ ಕೈ ಹೊತ್ತು ಕೂತಳು.

ಸನ್ಮಾನಕ್ಕೆ ಬಂದವರಿಗೆ ಕೊಡಲು ಅಪ್ಪ ಅಟ್ಟದಲ್ಲಿ ಕೊಬ್ಬರಿ ಆರಿಸುತ್ತಿದ್ದ. ಅಟ್ಟ ಸೇರಿದ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗಲು ವರ್ಷ ಕಾಯಬೇಕು, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು. ಅಲ್ಲಿಯವರೆಗೆ ಅವನು ಮಚ್ಚು ಮುಟ್ಟಿದವನಲ್ಲ.

"ಅಪ್ಪಾಜಿ, ನಾನ್ ತೋರ್ಸಿದ್ದು ತಪ್ಪು ಮನೆ. ಇವತ್ತು ಅದನ್ನೇ ಹೇಳ್ತೀನಿ."

"ಇವತ್ತೇ ಯಾಕವ್ವ? ಶಾಲು ಹೊದುಸ್ಕೊಂಡ್ ಬಾ, ಆಮ್ಯಾಕೆ ತಿದ್ಕೋ. ಇಲ್ಲಿ ಯಾರ್ಗ್ ತಿಳೀತೈತೆ, ಬುಡು."

"ಅರೆಬರೆ ಒಣಗಿದ್ದನ್ನ ಒಡ್ದು ಯಾವತ್ತಾದ್ರೂ ಕೊಬ್ರಿ ಅಂತ ಮಾರಿದ್ದೀಯಾ?"

"ಅದೂ ಇದೂ ಒಂದೇನೇ?" ಗದರಿದ. ಆಮೇಲೆ ದನಿ ಇಳಿಯಿತು. "ಇಷ್ಟ್ ವರ್ಷ ನನ್ನ ನೋಡಿ ನಕ್ಕವ್ರೆ ಕಣವ್ವ. ಒಂದಿನ ಅಪ್ಪ ತಲೆ ಎತ್ಕೊಂಡ್ ಓಡಾಡ್ಲಿ ಅಂತ ನಿಂಗನ್ಸಲ್ವಾ?"

ಅನ್ನಿಸುತ್ತಿತ್ತು. ಆದರೂ ಅವಳು ಆ ಚಿತ್ರವನ್ನು ಮತ್ತೆ ತೆರೆದು ನೋಡಿದಳು.

ಸಮುದಾಯ ಭವನ ತುಂಬಿತ್ತು. ಆಡಿಕೊಂಡವರಲ್ಲಿ ಮೊದಲಿಗನಾದ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯನೇ ಶಾಲೂ ಮೈಕೂ ಹಿಡಿದು ಮುಂದೆ ಬಂದ. ವರ್ಷಿಣಿ ಅವನಿಂದ ಮೈಕು ಇಸಿದುಕೊಂಡಳು.

"ನಾನು ಆತುರ ಬಿದ್ದೆ. ಆ ಸ್ಫೋಟ ಪಕ್ಕದ ಗ್ಯಾಲಕ್ಸಿಯದಲ್ಲ. ಅದರ ಹಿಂದೆ, ತುಂಬಾ ದೂರದಲ್ಲಿ ಇನ್ನೊಂದಿದೆ. ಬಹುಶಃ ಅದರದು."

ಮಲ್ಲಿಕಾರ್ಜುನಯ್ಯ ಕಣ್ಣರಳಿಸಿದ. "ಕೇಳಿದ್ರೇನ್ರಪ್ಪಾ! ಇನ್ನೂ ದೂರದ್ದ ಕಂಡುಹಿಡಿದವ್ಳೆ ನಮ್ಮುಡ್ಗಿ!"

ಚಪ್ಪಾಳೆಯೋ ಚಪ್ಪಾಳೆ. ಶಾಲು ಹೆಗಲಿಗೆ ಬಿತ್ತು. ವರ್ಷಿಣಿ ಗಾಬರಿಯಿಂದ ಅಪ್ಪನ ಕಡೆ ತಿರುಗಿದಳು. ಅಷ್ಟು ಜನರಲ್ಲಿ ನಿಜ ಗೊತ್ತಿದ್ದವನು ಅವನೊಬ್ಬನೇ. ಅವನೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ, ಎಲ್ಲರ ಮುಖವನ್ನೂ ನೋಡುತ್ತಿದ್ದ, ಅವಳದೊಂದನ್ನು ಬಿಟ್ಟು.

ಅಲ್ಲ, ನಾನು ಹೇಳಿದ್ದು ಹಾಗಲ್ಲ ಎನ್ನಲು ಬಾಯಿ ತೆರೆದಳು. ಅಪ್ಪನ ಕಣ್ಣಲ್ಲಿ ನೀರಿತ್ತು. ಮೈಕನ್ನು ಮಲ್ಲಿಕಾರ್ಜುನಯ್ಯನ ಕೈಗೆ ವಾಪಸು ಕೊಟ್ಟಳು.