ನೂರು ಗೆರೆಗಳ ಸಿರಿಂಜು

ಗಾಜಿನ ನಳಿಗೆಯೊಳಗಿನ ನೀಲಿ ನೀರು ಕುದಿಯುತ್ತ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಂದೂ ಹೆಂಚಿನ ಕೆಂಪಿಗೆ ಬಂದು ನಿಂತಿತು. ಮ್ಯಾಗ್ಡಲಿನ್ ದೀಪ ಆರಿಸಿ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆಳಗಿನ ಮೂತ್ರದ ಎಂಟು ಹನಿ ಹಾಕಿ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಒಳ್ಳೆಯದು, ಕೆಂಪಾದರೆ ಸಕ್ಕರೆ ಏರಿದೆ ಎಂದರ್ಥ. ಮಣಿಪಾಲದ ಡಾಕ್ಟರರು ಕಲಿಸಿಕೊಟ್ಟ ಪರೀಕ್ಷೆ ಅದು.

ಏಳು ವಾರಗಳಿಂದ ಕೆಂಪೇ. ಕದ್ದು ತಿಂದ ಹಲಸಿನ ತೊಳೆಗಳ ಫಲವಿರಬೇಕೆಂದುಕೊಂಡು ಅವಳು ಯಾರಿಗೂ ಹೇಳಿರಲಿಲ್ಲ. ಈಗೀಗ ಒಂದು ಮಲ್ಲಿಗೆ ಮೊಗ್ಗು ಎರಡಾಗಿ ಕಾಣುತ್ತಿತ್ತು. ಬಾಳೆನಾರಿನಲ್ಲಿ ಹೂ ಕಟ್ಟಲು ಕೂತರೆ ಬೆರಳುಗಳು ದೂರದಲ್ಲೆಲ್ಲೋ, ಇನ್ಯಾರದೋ ಅಂಗಳದಲ್ಲಿ ಕೆಲಸ ಮಾಡುತ್ತಿರುವಂತಿತ್ತು. ಶಂಕರಪುರದ ಬಾವಿಗಳನ್ನೆಲ್ಲ ಕುಡಿದು ಮುಗಿಸುವಂಥ ಬಾಯಾರಿಕೆ.

ಮಂಚದ ಕೆಳಗೆ ಗಂಡ ಮೌರಿಸ್ ಬಹರೈನ್‌ನಿಂದ ಕಳಿಸಿದ ಪೆಟ್ಟಿಗೆಯಿತ್ತು. ಹೆಂಡತಿ ಗಾಜಿನ ಸಿರಿಂಜನ್ನು ದಿನಾ ಕುದಿಸಿ ಕೈ ಸುಟ್ಟುಕೊಳ್ಳುವುದು ಬೇಡವೆಂದು, ಒಮ್ಮೆ ಬಳಸಿ ಬಿಸಾಡುವ ಇನ್ನೂರು ಸಿರಿಂಜುಗಳು. ಜೊತೆಗೊಂದು ಚೀಟಿ: "ಕೊನೆಯದನ್ನು ನೀನು ತೆಗೆಯುವ ದಿನ ನಾನು ಬಾಗಿಲಲ್ಲಿರುತ್ತೇನೆ." ಅವಳು ಒಂದನ್ನೂ ಬಿಸಾಡಿರಲಿಲ್ಲ. ಬಳಸಿದ್ದನ್ನು ಸೂಜಿ ಮುಚ್ಚಿ ಬಿಸ್ಕತ್ತಿನ ಡಬ್ಬಿಗೆ ಹಾಕುವಳು. ಡಬ್ಬಿಯಲ್ಲಿ ಐವತ್ತಾಗಿತ್ತು.

ಇನ್ಸುಲಿನ್ ಬಾಟಲಿ ಬರಿದಾಗಿತ್ತು. ಅಂದಿನ ಸಿರಿಂಜನ್ನು ಚೀಲಕ್ಕೆ ಹಾಕಿಕೊಂಡು ಅವಳು ಕಾಪುವಿನ ಬಸ್ಸು ಹತ್ತಿದಳು.

ಔಷಧದಂಗಡಿಯಲ್ಲಿ ಮಂಗಳೂರಿನಿಂದ ಬಂದಿದ್ದ ಸರ್ಕಾರಿ ಇನ್ಸ್‌ಪೆಕ್ಟರು ದೇವದಾಸ ಕಪಾಟು ತೆರೆಸಿ ಕೂತಿದ್ದರು. ಅಂಗಡಿಯ ಸರ್ವೋತ್ತಮ ಪೈಗಳು ಬೆವರುತ್ತಿದ್ದರು.

"ಈ ವರ್ಷದಿಂದ ಸಿರಿಂಜೂ ಔಷಧವೇ ಅಂತೆ, ಬಾಯಮ್ಮ. ಸರ್ಕಾರದ ಆದೇಶ. ನಾಳೆ ಹತ್ತಿಗೂ ಲೈಸೆನ್ಸ್ ಬೇಕಾದೀತು," ಎಂದರು ಪೈಗಳು. ಮತ್ತೆ ಹುಬ್ಬೇರಿಸಿ, "ಮೊದಲು ಇಪ್ಪತ್ತು ದಿನಕ್ಕೊಮ್ಮೆ ಬರುತ್ತಿದ್ದಿರಿ. ಈಗ ಐವತ್ತಾಯ್ತು. ಗುಣ ಆಯಿತಾ ಎಂತ?"

"ಬಹರೈನಿನ ಸಿರಿಂಜಲ್ವಾ, ಮದ್ದು ಉಳಿಯುತ್ತದೆ," ಎಂದು ಅವಳು ನಗುತ್ತ ಚೀಲದಿಂದ ತೆಗೆದು ತೋರಿಸಿದಳು.

ಇನ್ಸ್‌ಪೆಕ್ಟರು ಕೈ ಚಾಚಿದರು. ಅವಳು ಸಿರಿಂಜನ್ನು ಕೊಡುತ್ತಲೇ ಅವಸರದಿಂದ ಹೇಳಿದಳು, "ಮಾರುವುದಲ್ಲ ಸರ್, ನನ್ನ ಗಂಡ ಕಳಿಸಿದ್ದು."

"ಅದಲ್ಲ. ಇದರಲ್ಲಿ ಎಷ್ಟನೇ ಗೆರೆಗೆ ತೆಗೆಯುತ್ತೀರಿ?"

"ಇಪ್ಪತ್ತು. ಡಾಕ್ಟರರು ಹೇಳಿದಷ್ಟೇ."

ಅವರು ಹೊಸ ಬಾಟಲಿಯನ್ನೂ ಸಿರಿಂಜನ್ನೂ ಮೇಜಿನ ಮೇಲೆ ಜೊತೆಗಿಟ್ಟರು. "ನೋಡಿ ಅಮ್ಮ. ನಮ್ಮ ಇನ್ಸುಲಿನ್ ಒಂದು ಎಂ.ಎಲ್.ಗೆ ನಲವತ್ತು ಯೂನಿಟ್. ಈ ಸಿರಿಂಜು ಒಂದು ಎಂ.ಎಲ್.ಗೆ ನೂರು ಯೂನಿಟ್ ಇರುವ ಹೊರದೇಶದ ಮದ್ದಿಗೆ ಮಾಡಿದ್ದು, ಅಷ್ಟೇ ಜಾಗಕ್ಕೆ ನೂರು ಗೆರೆ. ಇಪ್ಪತ್ತು ಅಂದುಕೊಂಡು ನೀವು ಎಂಟೇ ಚುಚ್ಚಿಕೊಳ್ಳುತ್ತಿದ್ದೀರಿ."

ಪೈಗಳು ನಾಲಿಗೆ ಕಚ್ಚಿಕೊಂಡರು. "ದೇವರೇ! ನಾನು ತಮಾಷೆ ಮಾಡಿದೆನಲ್ಲ ಮಾರಾಯ್ರೆ."

"ಹೀಗೇ ಬಿಟ್ಟರೆ ಕಣ್ಣು ಹೋಗುತ್ತದೆ, ಆಮೇಲೆ ಜೀವ. ಇಂದೇ ಮಣಿಪಾಲಕ್ಕೆ ಹೋಗಿ. ಮೊದಲಿನ ಗಾಜಿನ ಸಿರಿಂಜು ಉಂಟಲ್ಲ? ಅದನ್ನೇ ಬಳಸಿ. ಇವನ್ನೆಲ್ಲ ಎಸೆದುಬಿಡಿ," ಎಂದರು ಇನ್ಸ್‌ಪೆಕ್ಟರು.

"ನೂರೈವತ್ತು ಉಂಟು ಸರ್," ಎಂದಳು ಮ್ಯಾಗ್ಡಲಿನ್. ಅದು ದಿನಗಳ ಲೆಕ್ಕವೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಅವಳ ಕಣ್ಣಿಗೆ ಎರಡು ಸಿರಿಂಜುಗಳು ಕಾಣುತ್ತಿದ್ದವು. ನಡುವೆ ಎಲ್ಲೋ ಮೌರಿಸನ ವಿಮಾನ ಇಳಿಯದೆ ಸುತ್ತುತ್ತಿತ್ತು.

"ಆಯ್ತು," ಎಂದಳು.

ಮಣಿಪಾಲದ ಡಾಕ್ಟರರು ಬೈದರು, ಗಾಜಿನದ್ದರಲ್ಲೇ ಇಪ್ಪತ್ತು ತೆಗೆದು ತೋರಿಸಿದರು. ಮೌರಿಸನಿಗೆ ಬರೆದ ಕಾಗದದಲ್ಲಿ ಅವಳು ತೋಟದ ವಿಷಯ ಬರೆದಳು, ಈ ಸಲದ ಮೊಗ್ಗು ದಪ್ಪವಾಗಿದೆ ಎಂದಳು, ಇದನ್ನು ಬರೆಯಲಿಲ್ಲ.

ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಳಿಗೆಯ ನೀರು ಹಸಿರಿನಲ್ಲೇ ನಿಂತಿತು. ಅವಳು ಗಾಜಿನ ಸಿರಿಂಜನ್ನು ಕುದಿಸಿ, ಆರಿಸಿ, ಮದ್ದು ಚುಚ್ಚಿಕೊಂಡಳು. ಬಿಸಿ ಗಾಜು ತಾಗಿದ ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಆಮೇಲೆ, ದಿನಗಳ ಲೆಕ್ಕ ತಪ್ಪದಂತೆ, ಎಂದಿನ ಹಾಗೆ ಮಂಚದ ಕೆಳಗೆ ಕೈ ಹಾಕಿ ಪೆಟ್ಟಿಗೆಯಿಂದ ಹೊಸದೊಂದನ್ನು ತೆಗೆದು, ಬಾವಿಯ ನೀರನ್ನು ಇಪ್ಪತ್ತನೇ ಗೆರೆಯವರೆಗೆ ಎಳೆದಳು. ಬಾಳೆಲೆಯ ಮೇಲೆ ಸುತ್ತಿಟ್ಟಿದ್ದ ಮಲ್ಲಿಗೆಯ ಮೇಲೆ ಅದನ್ನು ಹನಿ ಹನಿಯಾಗಿ ಬಿಟ್ಟು, ಸೂಜಿ ಮುಚ್ಚಿ, ಡಬ್ಬಿಗೆ ಹಾಕಿದಳು.